ಅಜ್ಜನವರ ಕೈಯಲ್ಲಿದ್ದದ್ದು ಊದುಗೊಳವೆ

ಹೊನ್ನಗುಂಡಿ ಮಠದ ಗೋಡೆಯ ಮೇಲೆ ಬರೆಸಿರುವ ಚಿತ್ರ ಸುಳ್ಳು. ಪೂಜ್ಯ ರೇವಯ್ಯಜ್ಜನವರ ಬಲಗೈಗೆ ಕುಡುಗೋಲು ಕೊಟ್ಟಿದ್ದಾರೆ. ಅವರ ಎದುರಿಗೆ ಎರಡು ಹೋಳಾದ ಕುಂಬಳಕಾಯಿ ಇಟ್ಟಿದ್ದಾರೆ. ಪಕ್ಕದಲ್ಲಿ ಒಬ್ಬ ಹೆಂಗಸು ಸೆರಗೊಡ್ಡಿ ಬಗ್ಗಿ ನಿಂತಿದ್ದಾಳೆ. ಅಡಿಯಲ್ಲಿ ಬಂಗಾರದ ಬಣ್ಣದಲ್ಲಿ ‘ಶ್ರೀಗಳು ಅಬಲೆಗೆ ಅನುಗ್ರಹಿಸಿದ್ದು’ ಎಂದು ಬರೆದಿದೆ. ಪೂಜ್ಯರು ಆ ಕುಂಬಳಕಾಯಿಯನ್ನು ಕೊಯ್ಯಲಿಲ್ಲ. ಕಾಲು ಹಿಡಿದು ಬೇಡಿದರೂ ಕೊಯ್ಯಲಿಲ್ಲ. ಆ ತಾಯಿ ಅಬಲೆಯಾಗಿರಲಿಲ್ಲ, ಯಾರ ಅನುಗ್ರಹಕ್ಕೂ ಸೆರಗೊಡ್ಡಲಿಲ್ಲ.

ತಿಳಿಯದೆ ಆದ ತಪ್ಪಾಗಿದ್ದರೆ ಕ್ಷಮಿಸಬಹುದಿತ್ತು. ತಿಳಿದೇ ಬರೆಸಿದ್ದಾರೆ. ಚಿತ್ರ ಬದಲಿಸಿ ಎಂದು ಕೇಳಲು ಹೋದವರಿಗೆ ಸಮಿತಿಯ ಹಿರಿಯರೊಬ್ಬರು ಹೇಳಿದ ಮಾತು ಇದು: “ಅಜ್ಜಾರ ಕೈಯಾಗ ಏನರ ಒಂದು ಇರಬೇಕಲ್ರಿ. ಊದಗೊಳವಿ ಹಿಡಿಸಿ ಕುಂದರಸಿದ್ರ ಭಕ್ತರಿಗೆ ಭಯ ಹೆಂಗ ಬರಬೇಕು?”

ಪ್ರತಿ ಪುಷ್ಯ ಮಾಸದಲ್ಲಿ ಪೂಜ್ಯರ ಪುಣ್ಯತಿಥಿಯಂದು ಅಲ್ಲಿ ಕುಂಬಳದ ಸಾರಿನ ದಾಸೋಹ ನಡೆಯುತ್ತದೆ. ಗಾಡಿಗಟ್ಟಲೆ ಕಾಯಿ ಬರುತ್ತವೆ. ಮೊದಲ ಕಾಯಿಯನ್ನು ಪೀಠದ ಸ್ವಾಮಿಗಳು ಬೆಳ್ಳಿ ಹಿಡಿಕೆಯ ಕುಡುಗೋಲಿನಿಂದ ಕೊಯ್ಯುತ್ತಾರೆ. ಉಳಿದವುಗಳಿಗೆ ಸಮಿತಿಯ ಯಜಮಾನರು ಒಂದೊಂದು ಗಾಯ ಹಾಕುತ್ತಾರೆ. ಅಷ್ಟೂ ಹೊತ್ತು ಹೆಂಗಸರು ಅಡ್ಡ ಕಟ್ಟಿದ ಬಿದಿರುಗಳುವಿನ ಆಚೆ ನಿಂತು ಕೈಮುಗಿಯಬೇಕು. ಎಲ್ಲ ಕಾಯಿಯೂ ಒಡೆದ ಮೇಲೆ ಗಳು ಎತ್ತುತ್ತಾರೆ. ಆಮೇಲೆ ಹೆಚ್ಚುವುದು, ಬೇಯಿಸುವುದು, ಹಂಡೆ ತಿಕ್ಕುವುದು ಹೆಂಗಸರ ಪಾಲಿಗೆ. ಪೂಜ್ಯರು ಯಾವ ಅನ್ಯಾಯದ ಎದುರು ಕೂತರೋ ಅದೇ ಅನ್ಯಾಯವನ್ನು ಅವರ ಹೆಸರಿನಲ್ಲಿ, ಅವರ ಗದ್ದುಗೆಯ ಮುಂದೆ, ಮಂಗಳಾರತಿ ಸಮೇತ ಮಾಡುತ್ತಾರೆ.

ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಬೇಕಾಗಿದೆ. ಇದನ್ನು ಹೇಳಿದವರು ಆ ತಾಯಿಯ ಸೊಸೆ ಹೊಳೆವ್ವನವರು. ಆ ದಿನ ಹಾಸಿಗೆಯಲ್ಲಿ ಮಲಗಿದ್ದವರು ಅವರೇ, ಆ ಸಾರು ಕುಡಿದು ಎದ್ದವರೂ ಅವರೇ. ಕೊನೆಯುಸಿರಿನ ತನಕ ಅವರು ಈ ಪ್ರಸಂಗವನ್ನು ಒಂದು ಮಾತು ಹೆಚ್ಚು ಕಡಿಮೆ ಮಾಡದೆ ಹೇಳುತ್ತಿದ್ದರು.

ಸೋಲಾಪುರದ ಬಟ್ಟೆ ಗಿರಣಿಗಳು ನಮ್ಮ ಕಡೆಯ ನೇಕಾರರನ್ನು ಊರೂರಿನಿಂದ ಎಳೆದುಕೊಳ್ಳುತ್ತಿದ್ದ ಕಾಲ ಅದು. ಹೊನ್ನಗುಂಡಿಯ ಹೊರಗೆ, ದಾರಿಯ ಮಗ್ಗುಲಿಗೆ, ಬಿಟ್ಟುಹೋದ ಒಂದು ಗಾಣದ ಮನೆ ಇತ್ತು. ಗಾಣ ಮುರಿದಿತ್ತು, ಮಾಡು ಅರ್ಧ ಕುಸಿದಿತ್ತು. ಪೂಜ್ಯ ರೇವಯ್ಯಜ್ಜನವರು ಅಲ್ಲಿ ವಾಸವಾಗಿದ್ದರು. ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ, ಒಂದು ಕಡಗೋಲು, ಒಂದು ಊದುಗೊಳವೆ, ಇಷ್ಟು ಅವರ ಆಸ್ತಿ. ಬೆಳಿಗ್ಗೆ ಜೋಳಿಗೆ ಹಿಡಿದು ಹೊರಟರೆ ಸಿಕ್ಕಿದ್ದನ್ನು ತಂದು ಗಡಿಗೆಗೆ ಹಾಕಿ ಸಾರು ಮಾಡುತ್ತಿದ್ದರು. ಗಿರಣಿಗೆ ಹೋಗುವವರು, ಗಿರಣಿಯಿಂದ ಕೆಮ್ಮುತ್ತ ವಾಪಸು ಬರುವವರು, ಎಲ್ಲರಿಗೂ ಅಲ್ಲಿ ಒಂದು ಬಟ್ಟಲು ಸಾರು. ಕುಲ ಕೇಳುತ್ತಿರಲಿಲ್ಲ. ಉಪದೇಶವೂ ಇಲ್ಲ. ಯಾರಾದರೂ ಉಪದೇಶ ಬೇಕೆಂದರೆ, “ಮೊದಲು ಕುಡಿ, ಸಾರು ಆರತೈತಿ” ಎನ್ನುತ್ತಿದ್ದರು. ಕೇಳಿದವರಿಗೆ ಇಲ್ಲವೆಂದದ್ದನ್ನು ಊರು ಕಂಡಿರಲಿಲ್ಲ.

ಊರೊಳಗೆ ಹಣಗಿ ಓಣಿ ಎಂದು ನೇಕಾರರ ಓಣಿ. ದುಡಿಯುವ ಗಂಡಸರೆಲ್ಲ ಸೋಲಾಪುರದಲ್ಲಿ. ಓಣಿಯಲ್ಲಿ ಉಳಿದವರು ಹೆಂಗಸರು, ಮಕ್ಕಳು, ಒಂದಿಷ್ಟು ಹಲ್ಲುದುರಿದ ಮುದುಕರು. ಪ್ರತಿ ಮನೆಯ ಮಾಳಿಗೆಯ ಮೇಲೂ ಕುಂಬಳದ ಬಳ್ಳಿ. ಮಾಗಿ ಬಂತೆಂದರೆ ಕೊಡದಷ್ಟು ದಪ್ಪದ ಕಾಯಿಗಳು ಮಾಳಿಗೆ ತುಂಬ ಬಲಿತು ಮಲಗಿರುತ್ತಿದ್ದವು.

ಈಗ ಆ ಓಣಿಯ ಪದ್ಧತಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇದೆ, ಅದಕ್ಕೇ ಹೇಳುತ್ತೇನೆ. ಇಡೀ ಕುಂಬಳಕಾಯಿ ಮನೆಯ ಹಿರಿಮಗನಿದ್ದ ಹಾಗಂತೆ. ಹೆಣ್ಣು ಅದಕ್ಕೆ ಮೊದಲ ಗಾಯ ಹಾಕಿದರೆ ಮಗನಿಗೆ ಕೇಡಂತೆ. ಗಂಡಸು ಒಂದು ಗಾಯ ಹಾಕಿಕೊಟ್ಟರೆ ಸಾಕು, ಆಮೇಲೆ ಹೆಣ್ಣು ಅದನ್ನು ನೂರು ಹೋಳು ಮಾಡಬಹುದು. ಬೀಜ ಹಾಕುವವಳು ಅವಳು, ನೀರು ಹೊರುವವಳು ಅವಳು, ಮಾಳಿಗೆ ಹತ್ತಿ ಕಾಯಿ ಇಳಿಸುವವಳು ಅವಳು. ಒಂದು ಗಾಯಕ್ಕೆ ಮಾತ್ರ ಅವಳ ಕೈ ಆಗದು.

ಗಂಡಸರಿಲ್ಲದ ಓಣಿಯಲ್ಲಿ ಆ ಗಾಯ ಹಾಕುವವನು ಮುರಿಗೆಪ್ಪ. ಅವನು ಓಣಿಯ ಪಂಚರ ಹಿರಿಯ. ಇನ್ನೊಬ್ಬ ಮುದುಕ ಕುಡುಗೋಲು ಎತ್ತುವ ಹಾಗಿಲ್ಲ. ಹೆಂಗಸರು ಕಾಯಿ ಹೊತ್ತು ಅವನ ಕಟ್ಟೆಯ ಮುಂದೆ ಕಾಯಬೇಕು. ಇಂದು ಸೋಮವಾರ ಎನ್ನುವನು, ನಾಳೆ ಅಮಾವಾಸ್ಯೆ ಎನ್ನುವನು. ಮನಸ್ಸು ಬಂದ ದಿನ ಒಂದು ಗಾಯ ಹಾಕಿ ಅರ್ಧ ಕಾಯಿ ತಾನು ಇಟ್ಟುಕೊಳ್ಳುವನು. ಕೊಯ್ದ ಕೈಗೆ ಅರ್ಧ ಎಂಬುದು ಅವನೇ ಮಾಡಿದ ಕಾನೂನು. ಅವನ ಮನೆಯ ಎಮ್ಮೆಗಳು ಕುಂಬಳ ತಿಂದು ಮೈದುಂಬಿದ್ದವು.

ಅದೇ ಓಣಿಯಲ್ಲಿ ಸಕ್ರವ್ವನವರ ಮನೆ. ಅವರು ಸೂಲಗಿತ್ತಿ. ಗಂಡ ತೀರಿಹೋಗಿದ್ದರು. ಒಬ್ಬನೇ ಮಗ ಅಡಿವೆಪ್ಪ ಸೋಲಾಪುರದ ಗಿರಣಿಯಲ್ಲಿದ್ದ. ಮನೆಯಲ್ಲಿ ಸಕ್ರವ್ವನವರು ಮತ್ತು ಸೊಸೆ ಹೊಳೆವ್ವ, ಇಬ್ಬರೇ. ಆ ಮಾಗಿಯಲ್ಲಿ ಹೊಳೆವ್ವನವರಿಗೆ ವಿಷಮಜ್ವರ ಬಂತು. ಜ್ವರ ಇಳಿಯಿತು, ಆದರೆ ಹೊಟ್ಟೆ ಏನನ್ನೂ ಒಪ್ಪಲಿಲ್ಲ. ಅಂಬಲಿ ಕೊಟ್ಟರೆ ಕಕ್ಕುವರು, ಹಾಲು ಕೊಟ್ಟರೆ ಕಕ್ಕುವರು. ನಾಡಿ ನೋಡಿದ ಪಂಡಿತರು, “ಬಲಿತ ಕುಂಬಳ ಬೇಯಿಸಿ, ಕಡೆದು, ಮೆಣಸು ಶುಂಠಿ ಹಾಕಿ ತೆಳ್ಳಗ ಸಾರು ಮಾಡಿ ಕುಡಿಸು. ಅದು ಹೊಟ್ಟ್ಯಾಗ ನಿಂತರ ಹುಡುಗಿ ಉಳೀತಾಳ” ಎಂದು ಹೇಳಿಹೋದರು.

ಮಾಳಿಗೆಯ ಮೇಲೆ ಕುಂಬಳಕಾಯಿ ಇತ್ತು. ಮನೆಯಲ್ಲಿ ಕುಡುಗೋಲು ಇತ್ತು. ಹುಡುಗಿ ಹಾಸಿಗೆಯಲ್ಲಿ ಒಣಗುತ್ತಿದ್ದಳು.

ಮುರಿಗೆಪ್ಪ ಕೊಯ್ಯಲು ಒಪ್ಪಲಿಲ್ಲ. ಸಕ್ರವ್ವನವರು ಕೆಲವು ದಿನ ಮುಂಚೆ ಊರ ಹೊರಗಿನ ಕೇರಿಗೆ ಹೋಗಿ ಒಬ್ಬ ಹೆಣ್ಣುಮಗಳ ಚೊಚ್ಚಲ ಹೆರಿಗೆ ಮಾಡಿಸಿ ಬಂದಿದ್ದರು. ಮಗು ಅಡ್ಡ ತಿರುಗಿತ್ತು. ಇವರು ಹೋಗದಿದ್ದರೆ ತಾಯಿ ಮಗು ಇಬ್ಬರೂ ಹೋಗುತ್ತಿದ್ದರು. ಮುರಿಗೆಪ್ಪನಿಗೆ ಕಂಡದ್ದು ಮಾತ್ರ ಮೈಲಿಗೆ. “ಪಂಚರ ಮುಂದ ಕಲ್ಲು ಹೊತ್ತು ತಪ್ಪಾತು ಅನ್ನು, ಆಮ್ಯಾಲ ನೋಡೂಣು” ಎಂದ. ಆ ಮನೆಗೆ ಹೋಳು ಕೊಟ್ಟವರ ಕಾಯಿಯನ್ನೂ ತಾನು ಮುಟ್ಟುವುದಿಲ್ಲ ಎಂದು ಓಣಿಗೆಲ್ಲ ಸಾರಿದ. ಓಣಿ ಬಾಯಿ ಮುಚ್ಚಿತು. ಕೇರಿಯ ಗಂಡಸರು ಓಡಿಬಂದು ಕೊಯ್ದುಕೊಡುತ್ತಿದ್ದರು. ಅವರನ್ನು ಓಣಿಯೊಳಗೆ ಬಿಡುವವರು ಯಾರು?

ಇಷ್ಟಾದರೂ ಸಕ್ರವ್ವನವರು ತಾವೇ ಕೊಯ್ಯಲಿಲ್ಲ. ಅದಕ್ಕೆ ಮುರಿಗೆಪ್ಪನ ಭಯ ಕಾರಣವಲ್ಲ, ಮಗನ ಭಯ. ಸೊಸೆಯ ಬಾಯಿಗೆ ಸಾರು ಬೇಕೆಂದರೆ ಮಗನ ಜೀವಕ್ಕೆ ಕುಡುಗೋಲು ಹಾಕಬೇಕು ಎಂದು ಅವರು ಮನಸಾರೆ ನಂಬಿದ್ದರು. ಹುಟ್ಟಿದಾಗಿನಿಂದ ಕಿವಿಗೆ ತುಂಬಿದ್ದು ಅದು. ತಾಯಿಯೊಬ್ಬಳನ್ನು ಇಂಥ ತಕ್ಕಡಿಯ ಮುಂದೆ ನಿಲ್ಲಿಸಿದ ಪದ್ಧತಿಗೆ ನಾವು ಇಂದಿಗೂ ಶಾಸ್ತ್ರ ಎನ್ನುತ್ತೇವೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಹೊಳೆವ್ವ, ಯಾರು ಕೂಗಿದರೂ ಓ ಎನ್ನದ ಸ್ಥಿತಿಗೆ ಬಂದರು. ಸಕ್ರವ್ವನವರು ಗಾಣದ ಮನೆಗೆ ನಡೆದರು. ಅವರು ಪೂಜ್ಯರ ಭಕ್ತರಾಗಿರಲಿಲ್ಲ. ‘ಕುಂತು ಉಣ್ಣೂ ಅಜ್ಜ’ ಎಂದು ಆಡಿಕೊಂಡವರು. ಅಂದೂ ಕೈಮುಗಿಯಲಿಲ್ಲ.

“ಅಜ್ಜಾರ, ಆಶೀರ್ವಾದ ಬೇಡಾಕ ಬಂದಿಲ್ಲ. ನೀವು ಗಂಡಸರದೀರಿ, ಮುರಿಗೆಪ್ಪನ ಹಂಗಿನ್ಯಾಗಿಲ್ಲ, ಅದಕ್ಕ ಬಂದೀನಿ. ಒಂದು ಕುಂಬಳಕಾಯಿ ಕೊಯ್ದು ಕೊಡ್ರಿ” ಎಂದು ನಡೆದದ್ದನ್ನೆಲ್ಲ ನಿಂತ ನಿಲುವಿನಲ್ಲಿ ಹೇಳಿದರು.

ಪೂಜ್ಯರು ಪೂರ್ತಿ ಕೇಳಿದರು. ತಮ್ಮ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದರು. ಕಡಗೋಲು, ಊದುಗೊಳವೆ ಎರಡನ್ನೂ ಕಂಕುಳಿಗೆ ಸೇರಿಸಿ, “ನಡಿ, ತಾಯಿ” ಎಂದು ಎದ್ದರು.

ಮನೆಗೆ ಬಂದ ಮೇಲೆ ಸಕ್ರವ್ವನವರು ಮಾಳಿಗೆಯಿಂದ ಕಾಯಿ ಇಳಿಸಿ ಗೋಣಿತಾಟಿನ ಮೇಲಿಟ್ಟರು. ಪೂಜ್ಯರ ಕೈಗೆ ಕುಡುಗೋಲು ಕೊಟ್ಟರು. ಪೂಜ್ಯರು ಅದನ್ನು ಒಮ್ಮೆ ನೋಡಿ ಕುಂಬಳಕಾಯಿಯ ಮೇಲೆ ಮೆಲ್ಲಗೆ ಮಲಗಿಸಿದರು.

“ನಾ ಕೊಯ್ಯಂಗಿಲ್ಲ, ತಾಯಿ. ಉಳಿದ ಕೆಲಸ ಎಲ್ಲಾ ನಂದು.”

ಹೀಗೆಂದು ಒಲೆಯ ಮುಂದೆ ಕೂತರು.

ಕೇಳಿದವರಿಗೆ ಇಲ್ಲವೆನ್ನದ ಪೂಜ್ಯರು ಅಂದು ಇಲ್ಲವೆಂದರು. ಸಕ್ರವ್ವನವರು ಕಾಲು ಹಿಡಿದರು. ಪೂಜ್ಯರು ಕಾಲು ಬಿಡಿಸಿಕೊಂಡು ಒಲೆಗೆ ಕುಳ್ಳು, ಅಂದರೆ ಬೆರಣಿ, ಒಟ್ಟಿದರು. ಸಕ್ರವ್ವನವರ ಅಳು ಸಿಟ್ಟಾಗಿ ತಿರುಗಿತು. “ನೀವೂ ಅವನ ಕಡೀಯವರ ಏನ್ರಿ? ಗಡ್ಡ ಬಿಟ್ಟವರೆಲ್ಲಾ ಒಂದ ಅಂತ ನಮ್ಮವ್ವ ಹೇಳಿದ್ದು ಖರೇ ಆತು. ಒಂದು ಗಾಯ ಹಾಕಿದ್ರ ನಿಮ್ಮ ತಪಸ್ಸು ಏನ ಸವೀತಿತ್ತು?”

ಪೂಜ್ಯರು ಬೈಗುಳವನ್ನು ಪ್ರಸಾದದಂತೆ ಸ್ವೀಕರಿಸಿ ಊದುಗೊಳವೆ ಬಾಯಿಗೆ ಹಚ್ಚಿದರು. ಒಲೆ ಹೊತ್ತಿತು. ಗಡಿಗೆಗೆ ನೀರು ಸುರಿದು ಏರಿಸಿದರು. ಜೀರಿಗೆ, ಕರಿಮೆಣಸು, ಒಣಶುಂಠಿ, ಎರಡು ಎಸಳು ಬೆಳ್ಳುಳ್ಳಿ ಕೇಳಿ ಇಸಿದುಕೊಂಡರು. ಒರಳಿನ ಮುಂದೆ ಮೊಣಕಾಲೂರಿ ತಾವೇ ಅರೆದರು. ಅರೆದ ಕಲ್ಲನ್ನು ತೊಳೆದ ನೀರನ್ನೂ ಚೆಲ್ಲದೆ ಗಡಿಗೆಗೆ ಹಾಕಿದರು. ಒಂದು ಚಿಟಿಕೆ ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ಗಂಟಿಲ್ಲದ ಹಾಗೆ ಬೆರಳಿನಿಂದ ತೀಡಿ ಬದಿಗಿಟ್ಟರು. ನಡುವೆ ಎದ್ದು ಹೋಗಿ ಹೊಳೆವ್ವನವರ ಒಣಗಿದ ತುಟಿಗೆ ಬೆಚ್ಚನೆಯ ನೀರು ಹಚ್ಚಿ ಬಂದರು.

ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಗಂಡಸು ಒಲೆ ಊದುವುದನ್ನು ಅವರು ಕಂಡಿರಲಿಲ್ಲ.

“ಅಜ್ಜಾರ, ಹುಷಾರ್ರಿ. ಗಂಡಸರು ಒಲಿ ಊದಿದ್ರ ಮೀಸಿ ಸುಡತಾವಂತ” ಎಂದು ಒಬ್ಬಳು ಕೆಣಕಿದಳು.

“ಸುಟ್ಟ ಮೀಸಿ ಬೆಳೀತಾವ ತಂಗಿ” ಎಂದರು ಪೂಜ್ಯರು. ಹೊಳೆವ್ವನ ಕಡೆ ನೋಡಿದರು. ಬಾಗಿಲಲ್ಲಿ ನಗು ನಿಂತಿತು.

ನೀರು ಕುದಿಯಿತು. ಕುಂಬಳಕಾಯಿ ಹಾಗೇ ಇತ್ತು. ಪೂಜ್ಯರು, “ನೀರು ಕುದಿಯಾಕತ್ತೈತಿ, ತಾಯಿ” ಎಂದರು. ಸಕ್ರವ್ವನವರು ಗೋಡೆಗೆ ಮುಖ ಮಾಡಿ ಕೂತರು. ನೀರು ಇಂಗಿತು. ಪೂಜ್ಯರು ಇನ್ನೊಂದು ತಂಬಿಗೆ ಸುರಿದರು. ಅದೂ ಇಂಗಿತು. ಮತ್ತೆ ಸುರಿದರು. ಬೇಸರವಿಲ್ಲ, ಅವಸರವಿಲ್ಲ, ಒಂದು ಗದರಿಕೆಯಿಲ್ಲ. ಅಷ್ಟು ಹೊತ್ತು ಖಾಲಿ ನೀರಿಗೆ ಒಲೆ ಊದಿದವರನ್ನು ನಾನು ಮಹಾತ್ಮರೆನ್ನುತ್ತೇನೆ. ಬೆಳ್ಳಿ ಕುಡುಗೋಲಿನವರು ಏನೆನ್ನುತ್ತಾರೋ ಗೊತ್ತಿಲ್ಲ.

ಹೊಗೆ ನೋಡಿ ಮುರಿಗೆಪ್ಪ ಬಂದ. ತನ್ನ ಕುಡುಗೋಲು ಹಿಡಿದೇ ಬಂದಿದ್ದ. ಅಜ್ಜ ಕೊಯ್ದುಬಿಟ್ಟರೆ ನಾಳೆ ಓಣಿಯೆಲ್ಲ ಗಾಣದ ಮನೆಗೆ ಕಾಯಿ ಹೊರುತ್ತದೆ ಎಂಬ ಲೆಕ್ಕ ಅವನದು. ಇಡೀ ಕಾಯಿ ಕಂಡು ಅವನ ಮುಖ ಅರಳಿತು.

“ನೋಡವಾ, ಅಜ್ಜಾರೂ ಮುಟ್ಟಲಿಲ್ಲ. ಅವರಿಗೂ ಗೊತ್ತೈತಿ, ಇದು ಪಂಚರ ಹಕ್ಕು. ಹೋಗ್ಲಿ, ನಾನೇನು ಕಟುಕನಲ್ಲ. ಕಲ್ಲು ಹೊರೂದು ಬ್ಯಾಡ. ಅರ್ಧ ಕಾಯಿ ಕೊಡು, ಇನ್ನ ಮ್ಯಾಲ ಕೇರಿಗೆ ಹೆರಿಗಿ ಮಾಡಾಕ ಹೋಗಂಗಿಲ್ಲ ಅಂತ ಅಜ್ಜಾರ ಮುಂದ ಒಂದು ಮಾತು ಕೊಡು. ಈಗಿಂದೀಗ ಗಾಯ ಹಾಕ್ತೀನಿ.”

ಸಕ್ರವ್ವನವರು ಹಾಸಿಗೆಯ ಕಡೆ ನೋಡಿದರು. ಹೊಳೆವ್ವನವರಿಗೆ ಅಂದು ಕಣ್ಣು ತೆರೆಯುವ ಶಕ್ತಿ ಇರಲಿಲ್ಲ, ಕಿವಿ ಕೇಳುತ್ತಿತ್ತು. “ಅತ್ತಿ ಉಸಿರು ಎಳಕೊಂಡದ್ದು ಕೇಳಿಸ್ತು. ಹೂಂ ಅಂತಾಳ, ಕೇರಿ ಹೆಣ್ಮಕ್ಕಳು ಇನ್ನ ಸತ್ತರು ಅಂತ ನಾ ಅನಕೊಂಡೆ” ಎಂದು ಅವರು ಆಮೇಲೆ ಹೇಳುತ್ತಿದ್ದರು.

ಆಗ ಪೂಜ್ಯರು ಊದುಗೊಳವೆ ಕೆಳಗಿಟ್ಟು ಮಾತಾಡಿದರು.

“ಸಕ್ರವ್ವ, ಈ ಮುರಿಗೆಪ್ಪ ಹುಟ್ಟಿದಾಗ ಹೊಕ್ಕಳ ಕೊಯ್ದಾಕಿ ಯಾರು?”

“ನಮ್ಮವ್ವರೀ.”

“ಇವನ ಹಿರಿಮಗಂದು?”

“ನಾನ.”

“ಯಾವುದರ್ಲೆ ಕೊಯ್ದಿ?”

ಸಕ್ರವ್ವನವರು ಕುಂಬಳಕಾಯಿಯ ಮೇಲೆ ಮಲಗಿದ್ದ ಕುಡುಗೋಲನ್ನು ನೋಡಿದರು. “ಇದರ್ಲೇ ರೀ.”

“ಹುಡುಗ ಅದಾನೇನು?”

“ಅದಾನ್ರಿ. ಗಿರಣ್ಯಾಗ ಆಳುಗಳ ಮ್ಯಾಲ ಮುಕಾದಮ ಆಗ್ಯಾನ. ಮಂದೀನ ಬೈಯ್ಯಾಕತ್ತಾನಂತ.”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಪೂಜ್ಯರು ನಗಲಿಲ್ಲ.

“ನಿನ್ನ ಅಡಿವೆಪ್ಪಂದು?”

ಸಕ್ರವ್ವನವರ ಹೆರಿಗೆಯ ಹೊತ್ತಿಗೆ ಅವರ ತಾಯಿ ತೀರಿಹೋಗಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ತಮ್ಮ ಮಗನ ಹೊಕ್ಕಳಬಳ್ಳಿಯನ್ನು ತಾವೇ ಕೊಯ್ದುಕೊಂಡಿದ್ದರು. ಓಣಿಗೆಲ್ಲ ಗೊತ್ತಿದ್ದ ಸಂಗತಿ. ಸಕ್ರವ್ವನವರು ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡರು.

ಪೂಜ್ಯರು ಮತ್ತೆ ಒಲೆಯ ಕಡೆ ತಿರುಗಿದರು. “ನೀರು ಕುದಿಯಾಕತ್ತೈತಿ” ಎಂದರು.

ಸಕ್ರವ್ವನವರು ಎದ್ದರು. ಕುಡುಗೋಲು ತೊಳೆದರು. ಹೆರಿಗೆಗೆ ಹೋದಾಗ ಹೇಗೋ ಹಾಗೆ ಅದರ ಅಲುಗನ್ನು ಒಲೆಯ ಉರಿಯಲ್ಲಿ ಆಚೆ ಈಚೆ ತಿರುವಿದರು. ಕುಂಬಳಕಾಯಿಯ ಮುಂದೆ ಕೂತು, ಎಡಗೈಯಿಂದ ಅದನ್ನು ಕೂಸಿನ ತಲೆ ಹಿಡಿದ ಹಾಗೆ ಹಿಡಿದರು. “ಅಡಿವೆಪ್ಪಾ” ಎಂದು ಮಗನ ಹೆಸರು ಹೇಳಿ ಮೊದಲ ಗಾಯ ಹಾಕಿದರು.

ಕಾಯಿ ಬಲಿತದ್ದು, ಒಂದೇ ಏಟಿಗೆ ಒಡೆಯಲಿಲ್ಲ. ಕುಡುಗೋಲು ಒಳಗೆ ಸಿಕ್ಕಿತು. ಮುರಿಗೆಪ್ಪ, “ನೋಡು, ಸಿಕ್ಕೊಂತು” ಎಂದ. ಸಕ್ರವ್ವನವರು ಕಾಯಿ ಸಮೇತ ಎತ್ತಿ ನೆಲಕ್ಕೆ ಕುಕ್ಕಿದರು. ಬಿರಿಯಿತು. ಒಳಗೆ ಕೇಸರಿ ಬಣ್ಣದ ತಿರುಳು, ಸಾಲಾಗಿ ಬೀಜ.

ಮಿಕ್ಕಿದ್ದು ಪೂಜ್ಯರ ಕೆಲಸ. ಬೀಜವನ್ನು ಬೇರೆ ತೆಗೆದು ಬೂದಿಯಲ್ಲಿ ಹೊರಳಿಸಿ ಮೊರದಲ್ಲಿ ಹರವಿದರು. ಸಿಪ್ಪೆ ಹೆರೆದು ಹೋಳು ಮಾಡಿ ಗಡಿಗೆಗೆ ಹಾಕಿದರು. ಮೆತ್ತಗೆ ಬೆಂದ ಮೇಲೆ ಗಡಿಗೆಯನ್ನು ಇಳಿಸಿ ಪಾದಗಳ ನಡುವೆ ಹಿಡಿದು, ಮಜ್ಜಿಗೆ ಕಡೆಯುವ ಹಾಗೆ ಕಡಗೋಲು ತಿರುವಿದರು. ಹೋಳೆಲ್ಲ ಕರಗಿ ನಾರಿಲ್ಲದ ನುಣ್ಣನೆಯ ಸಾರಾಯಿತು. ಅರೆದ ಮಸಾಲೆ, ಕದಡಿದ ಹಿಟ್ಟು, ಉಪ್ಪು ಸೇರಿಸಿ ಮತ್ತೆ ಒಂದು ಕುದಿ ಬರಿಸಿದರು. ಮೇಲೆ ಒಂದು ಹನಿ ತುಪ್ಪ. ಮಾಗಿಯ ಚಳಿಯಲ್ಲಿ ಆ ಪರಿಮಳ ಓಣಿಯ ಕೊನೆಯ ಮನೆಯವರೆಗೆ ಹೋಯಿತಂತೆ.

ಹೊಳೆವ್ವನವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಕ್ರವ್ವನವರು ಚಮಚ ಚಮಚವಾಗಿ ಕುಡಿಸಿದರು. ಎಲ್ಲರೂ ಕಾದರು. ಸಾರು ಹೊಟ್ಟೆಯಲ್ಲಿ ನಿಂತಿತು.

ಮುರಿಗೆಪ್ಪ ಇನ್ನೂ ಬಾಗಿಲಲ್ಲಿದ್ದ. ಸಕ್ರವ್ವನವರು ತಲೆಯೆತ್ತಿ, “ಅಣ್ಣಾ, ಅರ್ಧ ಕಾಯಿ ಇಲ್ಲ. ಒಂದು ಬಟ್ಟಲ ಸಾರು ಐತಿ, ಕುಂದರು” ಎಂದರು. ಅವನು ಕೂರಲಿಲ್ಲ. “ಸೋಲಾಪುರದಿಂದ ಸುದ್ದಿ ಬರ್ತೈತಿ. ಆವಾಗ ಉಣ್ಣು ಸಾರು” ಎಂದು ಹೊರಟುಹೋದ.

ಮಠದವರ ಕಥೆ ಇದಕ್ಕೂ ಮೊದಲೇ ಮುಗಿಯುತ್ತದೆ. ಏಕೆಂದರೆ ಮುಂದೆ ಸೋಲಾಪುರದಿಂದ ನಿಜವಾಗಿಯೂ ಸುದ್ದಿ ಬಂತು.

ಹೊಳೆವ್ವ ಎದ್ದು ಕೂತು, ಗೋಡೆ ಹಿಡಿದು ನಡೆಯುವಷ್ಟಾಗಿದ್ದರು. ಗಿರಣಿಯಿಂದ ಊರಿಗೆ ಬಂದ ಓಣಿಯವನೊಬ್ಬ ಹೇಳಿದ: ಅಡಿವೆಪ್ಪನ ಎಡಗೈಯ ಎರಡು ಬೆರಳು ಯಂತ್ರಕ್ಕೆ ಸಿಕ್ಕಿ ಹೋಗಿವೆ. ಮುರಿಗೆಪ್ಪ ಓಣಿಯ ನಡುವೆ ನಿಂತು ಕೈ ತಟ್ಟಿದ. “ಕೇಳಿದ್ರೇನು? ಕುಂಬಳಕ್ಕ ಕುಡುಗೋಲ ಹಾಕಿದ್ಲು, ಮಗನ ಬೆರಳ ಹೋದವು.” ಗಿರಣಿಯ ಯಂತ್ರಕ್ಕೆ ಜಾಲರಿ ಹಾಕಿಸದ ಮಾಲೀಕನನ್ನು ಕೇಳಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ. ಕಾಯಿ ಕೊಯ್ದ ತಾಯಿಯನ್ನು ಕೇಳಲು ಇಡೀ ಓಣಿ ಎದ್ದು ನಿಂತಿತು. ಬಾಗಿಲಲ್ಲಿ ನಕ್ಕಿದ್ದ ಹೆಂಗಸರೂ ನಿಂತರು.

ಸಕ್ರವ್ವನವರು ಕುಡುಗೋಲನ್ನು ಬಾವಿಗೆ ಎಸೆಯಲು ಹೊರಟವರು, ದಾರಿ ತಪ್ಪಿದವರಂತೆ ಗಾಣದ ಮನೆಯ ಮುಂದೆ ಬಂದು ಕುಸಿದರು. ಓಣಿಯೂ ಹಿಂದೆ ಬಂತು. ಸುದ್ದಿ ತಂದವನೂ ಬಂದ. ಪೂಜ್ಯರು ಅವನಿಗೊಂದು ಬಟ್ಟಲು ಸಾರು ಕೊಟ್ಟು ಕೇಳಿದರು.

“ಬೆರಳ ಯಾವತ್ತು ಹೋದವು, ತಮ್ಮಾ?”

“ಎಳ್ಳಮಾಸಿ ಹಿಂದಿನ ದಿನ್ರೀ. ಮರುದಿನ ಹಬ್ಬಕ್ಕ ಸೂಟಿ ಕೊಡ್ಲಿಲ್ಲಂತ ನಾವೆಲ್ಲಾ ಬೈಯ್ಯಾಕತ್ತಿದ್ವಿ, ಅದಕ್ಕ ನೆನಪೈತಿ.”

ಪೂಜ್ಯರು ಸಕ್ರವ್ವನವರ ಕಡೆ ತಿರುಗಿದರು. “ಎಳ್ಳಮಾಸಿಗೆ ನಿನ್ನ ಕುಂಬಳಕಾಯಿ ಎಲ್ಲಿತ್ತು?”

“ಮಾಳಿಗಿ ಮ್ಯಾಲ್ರಿ.”

“ಇಡೀ ಇತ್ತೇನು?”

ಸಕ್ರವ್ವನವರ ಅಳು ನಿಂತಿತು. ಅವರು ನಿಧಾನಕ್ಕೆ ಎದ್ದರು. ಮೊದಲು ಪೂಜ್ಯರನ್ನು, ಆಮೇಲೆ ಓಣಿಯವರನ್ನು ನೋಡಿದರು. ಎಳ್ಳಮಾವಾಸ್ಯೆ ಬಂದದ್ದು ಸಂಕ್ರಾಂತಿಗೂ ಮೊದಲು, ಆಗ ಕಾಯಿ ಇಡಿಯಾಗಿತ್ತು. ಪದ್ಧತಿಗೆ ಕೂದಲಿನಷ್ಟೂ ಭಂಗ ಬಂದಿರಲಿಲ್ಲ. ಆಗಲೇ ಮಗನ ಬೆರಳು ಹೋಗಿದ್ದವು.

“ಇಡೀ ಇತ್ರಿ” ಎಂದರು. “ಸೊಸಿನ್ನ ಉಪಾಸ ಕೆಡವಿ ಅದನ್ನ ಇಡೀ ಇಟ್ಟಿದ್ದೆ. ನನ್ನ ಮಗನ ಬೆರಳ ಅದು ಉಳಸಲಿಲ್ಲ.” ಆಮೇಲೆ ಮುರಿಗೆಪ್ಪನಿಗೆ, “ನಿನ್ನ ಮಗ ಅಲ್ಲಿ ಮುಕಾದಮ. ಆ ಮಷೀನಿಗೆ ಜಾಲರಿ ಯಾಕ ಇರ್ಲಿಲ್ಲ ಅಂತ ಅವಗ ಕೇಳು. ನನ್ನ ಕೇಳಬ್ಯಾಡ” ಎಂದರು.

ಮುರಿಗೆಪ್ಪ ಬೆನ್ನು ತಿರುಗಿಸಿದ. ಅವನು ಜನರ ನಡುವೆ ದಾರಿ ಮಾಡಿಕೊಂಡು ಹೋದ. ಅವನಿಗೆ ದಾರಿ ಬಿಟ್ಟರು, ಆದರೆ ಅವನ ಹಿಂದೆ ಯಾರೂ ಹೋಗಲಿಲ್ಲ.

ಸಕ್ರವ್ವನವರು ಅಂದು ಮೊದಲ ಬಾರಿಗೆ ಪೂಜ್ಯರಿಗೆ ಕೈಮುಗಿದರು. “ಯಪ್ಪಾ, ಇವತ್ತಿನಿಂದ ಓಣ್ಯಾಗ ಗಂಡಸರಿಲ್ಲದ ಮನಿಗೆಲ್ಲಾ ನಾನ ಹೋಗಿ ಕೊಯ್ದು ಕೊಡ್ತೀನಿ” ಎಂದರು.

“ಬ್ಯಾಡ” ಎಂದರು ಪೂಜ್ಯರು. “ಇನ್ನೊಬ್ಬ ಮುರಿಗೆಪ್ಪ ಆಗ್ತಿ. ಕುಡುಗೋಲು ಅವರ ಕೈಯಾಗ ಕೊಡು.”

ಸಕ್ರವ್ವನವರು ಹಾಗೆಯೇ ಮಾಡಿದರು. ಕರೆದ ಮನೆಗೆ ಹೋಗಿ, ಕುಡುಗೋಲನ್ನು ಉರಿಯಲ್ಲಿ ತಿರುವಿ, ಆ ಮನೆಯ ಹೆಣ್ಣಿನ ಕೈಗೆ ಕೊಟ್ಟು, ತಾವು ಪಕ್ಕದಲ್ಲಿ ಕೂರುತ್ತಿದ್ದರು. ಮೊದಲು ಕೊಯ್ದವಳು ಮೀಸೆಯ ಮಾತಾಡಿ ನಕ್ಕಿದ್ದ ಹುಡುಗಿ. ಅವಳ ಕೈ ಗದಗದ ನಡುಗಿತ್ತಂತೆ. ಕೇರಿಯ ಹೆರಿಗೆಗಳಿಗೆ ಸಕ್ರವ್ವನವರು ಸಾಯುವ ತನಕ ಹೋದರು. ಹೋಗುವಾಗ ಸೆರಗಿನ ತುದಿಯಲ್ಲಿ ಪೂಜ್ಯರು ಬೂದಿಯಲ್ಲಿ ಹೊರಳಿಸಿಟ್ಟ ಆ ಕಾಯಿಯ ಬೀಜವನ್ನು ಆ ಮನೆಯವರಿಗೆ ಬಿತ್ತಲು ಕೊಡಲೆಂದು ಕಟ್ಟಿಕೊಂಡು ಹೋಗುತ್ತಿದ್ದರು. ಯುಗಾದಿಗೆ ಊರಿಗೆ ಬಂದ ಅಡಿವೆಪ್ಪ, ಉಳಿದ ಬೆರಳುಗಳಿಂದ ಊದುಗೊಳವೆ ಹಿಡಿದು ಒಲೆ ಊದಿದನೆಂದು ಹೊಳೆವ್ವನವರು ನಗುತ್ತ ಹೇಳುತ್ತಿದ್ದರು. ಕುಂಬಳಕಾಯಿ ಕೊಯ್ದವರು ಅಂದು ಹೊಳೆವ್ವನವರೇ.

ಪೂಜ್ಯರು ದೇಹ ಬಿಟ್ಟ ಮೇಲೆ ಗದ್ದುಗೆ ಕಟ್ಟಿದರು. ಗದ್ದುಗೆಗೆ ಮಠ ಬಂತು, ಮಠಕ್ಕೆ ಸಮಿತಿ ಬಂತು, ಸಮಿತಿಗೆ ಬೆಳ್ಳಿ ಕುಡುಗೋಲು ಬಂತು. ಪೂಜ್ಯರು ಹೆಣ್ಣಿನ ಕೈಗೆ ಕೊಟ್ಟದ್ದನ್ನು ಇವರು ಕಿತ್ತುಕೊಂಡು, ಕಿತ್ತುಕೊಂಡದ್ದನ್ನು ಪೂಜ್ಯರ ಕೈಯಲ್ಲೇ ಬರೆಸಿದರು. ಪೂಜ್ಯರು ಒಬ್ಬ ಮುರಿಗೆಪ್ಪನನ್ನು ಓಣಿಯ ಕಟ್ಟೆಯಿಂದ ಎಬ್ಬಿಸಿದರು. ಇವರು ಅವನನ್ನು ಪೀಠದ ಮೇಲೆ ಕೂರಿಸಿದ್ದಾರೆ. ಹೊಳೆವ್ವನವರು ಬದುಕಿದ್ದಾಗ ಒಂದು ವರ್ಷ ದಾಸೋಹಕ್ಕೆ ಹೋಗಿದ್ದರು. ಅವರನ್ನೂ ಗಳುವಿನ ಆಚೆ ನಿಲ್ಲಿಸಿದರು. ಆ ಚಿತ್ರ ನೋಡಿ ಅವರು, “ಇದು ನಮ್ಮತ್ತಿ ಅಲ್ಲ, ಇವರು ನಮ್ಮಜ್ಜನೂ ಅಲ್ಲ” ಎಂದು ಸಾರು ಕುಡಿಯದೆ ಎದ್ದು ಬಂದರು.

ಈ ಪುಷ್ಯದಲ್ಲೂ ದಾಸೋಹ ಇದೆ. ತಾಯಂದಿರೇ, ಈ ಸಲ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಅಡುಗೆಮನೆಯ ಕುಡುಗೋಲು, ಈಳಿಗೆ, ಯಾವುದಿದೆಯೋ ಅದನ್ನು ಸೆರಗಿನಲ್ಲಿ ಮುಚ್ಚದೆ ಎಲ್ಲರಿಗೂ ಕಾಣುವ ಹಾಗೆ ಹಿಡಿದು ಹೋಗಿ. ಗಳು ಎತ್ತಲು ಯಾರ ಅಪ್ಪಣೆಗೂ ಕಾಯಬೇಡಿ, ನೀವೇ ಎತ್ತಿ ಒಳಗೆ ನಡೆಯಿರಿ. ಮೊದಲ ಕಾಯಿಯ ಮುಂದೆ ಕೂತು ಮೊದಲ ಗಾಯ ಹಾಕಿ. ಕೈ ನಡುಗಿದರೆ ನಡುಗಲಿ, ಹಾಕಿ. ಪೂಜ್ಯರ ಭಕ್ತರೆಂದು ಹೇಳಿಕೊಳ್ಳುವ ಗಂಡಸರೇ, ನೀವು ಅಲ್ಲಿ ಅಡ್ಡ ನಿಲ್ಲಬೇಡಿ. ಒಲೆಯ ಮುಂದೆ ಜಾಗವಿದೆ. ಬರುವಾಗ ಮನೆಯಿಂದ ಊದುಗೊಳವೆ ತನ್ನಿ.